ಶರಣವ್ವನ ಸಾಕ್ಷಿ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಈಚೆಗೆ ನಾರಾಯಣಖೇಡದ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ವಕೀಲಳ ಹುದ್ದೆ ಸಿಕ್ಕಿತು. ಸೇರಿಕೊಳ್ಳುವ ಮುನ್ನ ಜಹೀರಾಬಾದಿನ ನಮ್ಮ ಮನೆಗೆ ಬಂದು, "ಮೇಡಂ, ಪುಸ್ತಕದಾಗ ಇಲ್ಲದ್ದು ಏನರೆ ಇದ್ರ ಹೇಳ್ರಿ" ಅಂದಳು. ಚಹಾ ಕೊಟ್ಟೆ, ಬೆನ್ನು ತಟ್ಟಿದೆ, ಬೇಸಿಗೆಯಲ್ಲಿ ಬಸ್ಸಿನೊಳಗೆ ಕಪ್ಪು ಕೋಟು ಹಾಕಿಕೊಳ್ಳಬೇಡ, ಕೋರ್ಟು ಮುಟ್ಟಿದ ಮೇಲೆ ಹಾಕಿಕೋ ಎಂದೆ. ಅಷ್ಟೇ. ಅವಳು ಹೋದ ಮೇಲೆ ಹೇಳಬೇಕಾದದ್ದು ಒಂದೊಂದಾಗಿ ನೆನಪಿಗೆ ಬರತೊಡಗಿತು. ಇದನ್ನು ಅವಳಿಗಾಗಿ ಬರೆಯುತ್ತಿದ್ದೇನೆ. ಹೊಸದಾಗಿ ಕೋಟು ಹೊಲಿಸಿಕೊಂಡ ಉಳಿದವರೂ ಓದಬಹುದು.

ನಮ್ಮೂರು ನಾಗಲಗಿದ್ದದ ಕಡೆಯದು. ಹೊಲದ ಬದು ದಾಟಿದರೆ ಕರ್ನಾಟಕ. ಅಪ್ಪ ನಾರಾಯಣಖೇಡದ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುತ್ತಿದ್ದರು, ಆಮೇಲೆ ಅಲ್ಲೇ ಜವಾನರಾದರು. ಬೌದ್ಧ ದೀಕ್ಷೆ ತೆಗೆದುಕೊಂಡವರು, ಮಕ್ಕಳ ಓದಿನ ವಿಷಯದಲ್ಲಿ ಯಾರ ಮಾತನ್ನೂ ಕೇಳದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಕಾನೂನು ಓದುವಾಗ ಇಂಗ್ಲಿಷು, ಹೀಗೆ ನಾಲ್ಕು ಭಾಷೆಗಳ ನಡುವೆ ಎಡವುತ್ತ ಬೆಳೆದೆ. ಮುಂದೆ ನನ್ನ ಕೆಲಸದಲ್ಲಿ ಕಾನೂನಿನಷ್ಟೇ ಈ ಭಾಷೆಗಳೂ ಬೇಕಾಗುತ್ತವೆ ಎಂದು ಆಗ ಯಾರೂ ಹೇಳಿರಲಿಲ್ಲ.

ನಾನು ಜಹೀರಾಬಾದಿಗೆ ಸರ್ಕಾರಿ ವಕೀಲಳಾಗಿ ಬಂದಾಗ ಆ ಕೋರ್ಟಿನಲ್ಲಿ ಕೋಟು ಹಾಕಿದ ಹೆಂಗಸು ನಾನೊಬ್ಬಳೇ. ಮೊದಲ ವಾರದಲ್ಲಿ ಒಬ್ಬ ವಕೀಲರು ನನ್ನನ್ನು "ಯಾವೂರಾಯ್ತಮ್ಮ?" ಎಂದು ಮೂರು ಸಲ ಕೇಳಿದರು. ಊರಿನ ಹೆಸರು ಹೇಳಿದೆ, ಮಂಡಲದ ಹೆಸರು ಹೇಳಿದೆ, ಆದರೂ ಅವರ ಪ್ರಶ್ನೆ ಮುಗಿಯಲಿಲ್ಲ. ಅವರು ಕೇಳುತ್ತಿದ್ದದ್ದು ಊರನ್ನಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಖಾದ್ರಿ ಸಾಹೇಬರು ಕನ್ನಡಕ ತೆಗೆದು, "ವಕೀಲ್ ಸಾಬ್, ಆಕಿ ಸರ್ಕಾರದ ಕಡಿಯಾಕಿ. ಇನ್ನೇನು ಬೇಕ್ರಿ ನಿಮಗ?" ಅಂದರು. ಆ ವಿಚಾರಣೆ ಅಲ್ಲಿಗೆ ನಿಂತಿತು.

ಖಾದ್ರಿ ಸಾಹೇಬರು ನನ್ನ ಹಿರಿಯ ಸರ್ಕಾರಿ ವಕೀಲರು. ತೆಳ್ಳಗಿನ ಎತ್ತರದ ಮನುಷ್ಯ. ಇಂಗ್ಲಿಷಿನಲ್ಲಿ ವಾದ ಮಾಡುವಾಗ ಮೆತ್ತಗಿರುತ್ತಿದ್ದರು, ಸಿಟ್ಟು ಬಂದಾಗ ದಖನಿ ಉರ್ದು, ಪ್ರೀತಿ ಬಂದಾಗ ಕನ್ನಡ. ಕೋರ್ಟು ಕೂರುವ ಮೊದಲು ನನ್ನನ್ನು ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಸುಮ್ಮನೆ ಕೂರಿಸುತ್ತಿದ್ದರು. "ಇಲ್ಲಿ ಕುಂತು ಕೇಳ್ಕೊ ಬೇಟಿ. ಒಳಗ ಹೋದ ಮ್ಯಾಲ ಇವರು ಯಾರೂ ತಮ್ಮ ಮಾತು ಆಡೋದಿಲ್ಲ, ಕೋರ್ಟಿನ ಮಾತು ಆಡ್ತಾರ" ಅನ್ನುತ್ತಿದ್ದರು. ನಮ್ಮ ಕೆಲಸದ ಸ್ವರೂಪವನ್ನೂ ಅವರೇ ತಿಳಿಸಿಕೊಟ್ಟರು. ಪೊಲೀಸರು ತನಿಖೆ ಮಾಡಿ ಕಳಿಸಿದ ಪ್ರಕರಣವನ್ನು ನಾವು ನಡೆಸುತ್ತೇವೆ. ನಾವು ತಮ್ಮವರೆಂದು ಪೊಲೀಸರು ತಿಳಿಯುತ್ತಾರೆ. ನೊಂದವರು ತಮ್ಮ ವಕೀಲರೆಂದು ತಿಳಿಯುತ್ತಾರೆ. ಮೇಲಧಿಕಾರಿ ತನ್ನ ತಿಂಗಳ ವರದಿಗಾಗಿ ದುಡಿಯುವವರೆಂದು ತಿಳಿಯುತ್ತಾನೆ. ಮೂವರಿಗೂ ಬೇಸರವಾಗದಂತೆ ಮೂವರಿಗೂ ಇಲ್ಲವೆನ್ನುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ.

ಸಾಕ್ಷಿಗಳಿಗೆ ಪಾಠ ಹೇಳಿಕೊಡಬಾರದು ಎನ್ನುವುದು ಅವರ ಇನ್ನೊಂದು ಕಟ್ಟಳೆ. ಅದು ಯಾಕೆಂದು ನನಗೆ ಮುಂದೆ ನಾರಾಯಣಖೇಡದ ಕೋರ್ಟಿಗೆ ವರ್ಗವಾದಾಗ ತಿಳಿಯಿತು. ಅಲ್ಲೊಂದು ತೊಗರಿ ಕಳವಿನ ಪ್ರಕರಣ. ಚೀಲಗಳನ್ನು ಪೊಲೀಸರು ವಶಪಡಿಸಿಕೊಂಡಾಗ ಹಾಜರಿದ್ದ ರೈತನೊಬ್ಬ ಪಂಚ ಸಾಕ್ಷಿ. ಕಾನ್‌ಸ್ಟೇಬಲ್ ಅವನನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ ಪೂರ್ತಿ ತಾಲೀಮು ಕೊಟ್ಟಿದ್ದಾನೆ. ರೈತ ಕಟಕಟೆಯಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದ. ಎದುರು ವಕೀಲರು ನಗುತ್ತ ಎದ್ದು, "ಪೊಲೀಸರು ನಿಮಗ ಹೇಳಿಕೊಟ್ಟಾರಲ್ಲ?" ಎಂದು ಕೇಳಿದರು. ರೈತನಿಗೆ ಅವಮಾನವಾಯಿತು. "ಏನೂ ಹೇಳಿಕೊಟ್ಟಿಲ್ರಿ! ನೀವು ಹಿಂಗ ಕೇಳ್ತೀರಿ, ಆವಾಗ ಇಲ್ಲ ಅನಬೇಕು ಅಂತ ಅಷ್ಟ ಹೇಳ್ಯಾರ" ಅಂದ. ಮ್ಯಾಜಿಸ್ಟ್ರೇಟರೂ ನಕ್ಕರು. ಪ್ರಕರಣ ಬಿದ್ದುಹೋಯಿತು. ತೊಗರಿ ಕದ್ದವನು ನನಗೇ ನಮಸ್ಕಾರ ಮಾಡಿ ಹೋದ. ಕಾನ್‌ಸ್ಟೇಬಲ್ ಮಾತ್ರ ಬಹಳ ದಿನ ನನ್ನ ಎದುರಿಗೆ ಬರಲಿಲ್ಲ.

ಇಂಥವು ಹತ್ತಾರು ಇವೆ. ಆದರೆ ನನ್ನ ವಿದ್ಯಾರ್ಥಿನಿಗೆ ನಿಜವಾಗಿ ಕೊನೆಯತನಕ ಹೇಳಬೇಕಾಗಿದ್ದದ್ದು ತಾಂಡೂರಿನ ಪ್ರಕರಣ. ಕಾನೂನಿನ ಪುಸ್ತಕಗಳ ದೃಷ್ಟಿಯಲ್ಲಿ ಅದು ತೀರ ಸಣ್ಣದು. ಕೊಲೆಯಲ್ಲ, ದರೋಡೆಯಲ್ಲ. ನಿರ್ಲಕ್ಷ್ಯದಿಂದ ವಾಹನ ಓಡಿಸಿ ಒಬ್ಬನ ಸಾವಿಗೆ ಕಾರಣನಾದ ಆರೋಪ. ಇಂಥ ಪ್ರಕರಣಗಳು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದಿನ ಬೆಳಗಾದರೆ ಬರುತ್ತವೆ, ಹೋಗುತ್ತವೆ.

ನಾನು ಬಡ್ತಿಯಿಲ್ಲದ ಬದಲಿಯಲ್ಲಿ ತಾಂಡೂರಿಗೆ ಹೋಗಿದ್ದ ವರ್ಷ ಅದು. ಊರ ಸುತ್ತ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಗಳು. ನೆಲ ಅಗೆದು, ಚಪ್ಪಡಿ ಎಬ್ಬಿಸಿ, ಟ್ರ್ಯಾಕ್ಟರಿನಲ್ಲಿ ಹೇರಿ ಪಾಲಿಶ್ ಕಾರ್ಖಾನೆಗೆ ಸಾಗಿಸುತ್ತಾರೆ. ರಸ್ತೆ, ಮರ, ಮನುಷ್ಯರ ರೆಪ್ಪೆ, ಎಲ್ಲದರ ಮೇಲೂ ಬೂದು ಧೂಳು. ಅಂಥದ್ದೊಂದು ಗಣಿಯಲ್ಲಿ ಮಲ್ಲಪ್ಪ ಮತ್ತು ಅವನ ಹೆಂಡತಿ ಶರಣವ್ವ ಕೂಲಿಗಿದ್ದರು. ಗಣಿಯಿಂದ ಮೇಲೆ ಬರುವ ಇಳಿಜಾರಿನಲ್ಲಿ ಕಲ್ಲು ತುಂಬಿದ ಟ್ರ್ಯಾಕ್ಟರು ಹಿಂದಕ್ಕೆ ಜಾರಿತು. ಟ್ರಾಲಿಯ ಹಿಂದೆ ನಡೆಯುತ್ತಿದ್ದ ಮಲ್ಲಪ್ಪ ಅದರಡಿ ಸಿಕ್ಕಿ ಅಲ್ಲೇ ತೀರಿಕೊಂಡ. ಶರಣವ್ವ ಆಚೆ ದಂಡೆಯಲ್ಲಿ ಚಪ್ಪಡಿ ಜೋಡಿಸುತ್ತಿದ್ದವಳು ಕಣ್ಣಾರೆ ಕಂಡಳು.

ಆರೋಪಿ ಎಂದು ಪೊಲೀಸರು ಹೆಸರಿಸಿದ್ದು ಟ್ರ್ಯಾಕ್ಟರಿನ ಚಾಲಕ ಸಾಬಣ್ಣನನ್ನು. ಮುಖ್ಯ ಸಾಕ್ಷಿ ಶರಣವ್ವ. ಆಸ್ಪತ್ರೆಯ ಪಡಸಾಲೆಯಲ್ಲಿ ಪೊಲೀಸರು ತೆಲುಗಿನಲ್ಲಿ ಬರೆದುಕೊಂಡಿದ್ದ ಅವಳ ಹೇಳಿಕೆ ನನ್ನ ಕೈಯಲ್ಲಿತ್ತು. ಸಾಬಣ್ಣ ಗುದ್ದಿದ, ನನ್ನ ಗಂಡ ಸತ್ತ. ಇಷ್ಟೇ ಅದರ ತಾತ್ಪರ್ಯ. ಅರ್ಧ ಗಂಟೆಯಲ್ಲಿ ಮುಗಿಯುವ ಸಾಕ್ಷ್ಯ ಎಂದುಕೊಂಡು ಕೋರ್ಟಿಗೆ ಹೋದೆ.

ಶರಣವ್ವ ಕಟಕಟೆ ಹತ್ತಿದಳು. ನಲವತ್ತರ ಒಳಗಿನ ಹೆಂಗಸು, ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡ ಸೆರಗು. ಮ್ಯಾಜಿಸ್ಟ್ರೇಟರು ಕರಾವಳಿ ಆಂಧ್ರದ ಕಡೆಯವರು, ಶಾಂತ ಸ್ವಭಾವದ ಯುವಕರು, ಕನ್ನಡ ಬಾರದು. ನಾನು ತೆಲುಗಿನಲ್ಲಿ, "ಟ್ರ್ಯಾಕ್ಟರು ಯಾರು ನಡೆಸುತ್ತಿದ್ದರು?" ಎಂದು ಕೇಳಿದೆ. ಅವಳು ಉತ್ತರಿಸಿದ್ದು ಕನ್ನಡದಲ್ಲಿ.

"ಟ್ರ್ಯಾಕ್ಟರ್ ಸಾಬಣ್ಣನೇ ಹೊಡಿತಾನ್ರಿ. ಆದ್ರ ಅವತ್ತ ಅಂವಾ ಹೊಡೀಲಿಲ್ಲ."

ಕೋರ್ಟಿನ ಗುಮಾಸ್ತ ಅದನ್ನು ತೆಲುಗಿಗೆ ತಿರುಗಿಸಿದ. ಸಾಬಣ್ಣ ಹೊಡೆಯುತ್ತಾನೆ, ಆದರೆ ಅಂದು ಹೊಡೆಯಲಿಲ್ಲ ಎಂದ. ಹೊಡೆತ ಬಡಿತದ ಹೊಡೆಯುವಿಕೆ. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ, "ಇದೇನು, ಇವನು ದಿನಾ ಜನರನ್ನು ಹೊಡೆಯುತ್ತಾನೆಯೇ?" ಎಂದು ಕೇಳಿದರು.

ನನಗೆ ಒಮ್ಮೆಲೆ ಎಲ್ಲ ಬೆಳಕಾಯಿತು. ನಮ್ಮ ಕಡೆ ಹೊಡೆಯುವುದೆಂದರೆ ಏಟು ಹಾಕುವುದೂ ಹೌದು, ಬಂಡಿ ನಡೆಸುವುದೂ ಹೌದು. ಎತ್ತಿನ ಗಾಡಿ ಹೊಡೆಯುತ್ತೇವೆ, ಟ್ರ್ಯಾಕ್ಟರು ಹೊಡೆಯುತ್ತೇವೆ. ಆಸ್ಪತ್ರೆಯಲ್ಲಿ ಅವಳನ್ನು ಡ್ರೈವರ್ ಯಾರೆಂದು ಕೇಳಿರಬೇಕು. ಟ್ರ್ಯಾಕ್ಟರ್ ಸಾಬಣ್ಣ ಹೊಡಿತಾನ ಅಂದಿರಬೇಕು. ಬರೆದುಕೊಂಡವನು ಸಾಬಣ್ಣ ಗುದ್ದಿದ ಎಂದು ಬರೆದಿದ್ದಾನೆ. ಭಾಷೆ ತಿಳಿಯದೆ ಬರೆದನೋ ತಿಳಿದೂ ಬರೆದನೋ, ಆ ಮಾತು ನಾನು ಇವತ್ತಿಗೂ ಹೇಳಲಾರೆ.

ನಾನು ಎದ್ದು ಆ ಪದದ ಅರ್ಥ ವಿವರಿಸತೊಡಗಿದೆ. ತಕ್ಷಣ ಆರೋಪಿಯ ವಕೀಲರು ಎದ್ದು ನಿಂತು ತೀವ್ರವಾಗಿ ಆಕ್ಷೇಪಿಸಿದರು. ಸರ್ಕಾರಿ ವಕೀಲರು ಸಾಕ್ಷಿಯ ಬಾಯಲ್ಲಿ ಮಾತು ತುರುಕುತ್ತಿದ್ದಾರೆ, ಈ ಹೆಂಗಸು ಪೊಲೀಸರೆದುರು ಹೇಳಿದ್ದೇ ನಿಜ, ಸಾಬಣ್ಣನೇ ಚಾಲಕ ಎನ್ನುವುದು ದಾಖಲೆಯಲ್ಲಿ ಸ್ಪಷ್ಟವಾಗಿದೆ ಎಂದರು.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಅವರನ್ನೇ ನೋಡುತ್ತ, "ವಕೀಲರೇ, ಸಾಕ್ಷಿ ನಿಮ್ಮ ಕಕ್ಷಿದಾರ ನಿರಪರಾಧಿ ಅನ್ನುತ್ತಿದ್ದಾಳೆ. ನೀವು ಬೇಡ ಅನ್ನುತ್ತಿದ್ದೀರಿ. ನೀವು ಯಾರ ಪರವಾಗಿ ಬಂದಿದ್ದೀರಿ?" ಎಂದು ಕೇಳಿದರು.

ವಕೀಲರ ಹಿಂದೆ ಗೋಡೆಗೊರಗಿ ನಿಂತಿದ್ದ ಸಾಬಣ್ಣ ತಲೆ ತಗ್ಗಿಸಿದ. ಕೊನೆಯ ಬೆಂಚಿನಲ್ಲಿ ಗಣಿಯ ಮಾಲೀಕರ ಲೆಕ್ಕಿಗ ಕೂತಿದ್ದ. ಅವನು ಮೆಲ್ಲಗೆ ಎದ್ದು ಹೊರಗೆ ಹೋದ. ಆ ವಕೀಲರನ್ನು ಇಟ್ಟವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಕನ್ನಡ ಬಲ್ಲ ದುಭಾಷಿಯೊಬ್ಬರನ್ನು ಕರೆಸಿ, ಪ್ರಮಾಣ ಮಾಡಿಸಿ, ಮುಂದಿನ ತಾರೀಖಿಗೆ ಈ ಸಾಕ್ಷ್ಯವನ್ನು ಮೊದಲಿನಿಂದ ಬರೆಯೋಣ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಿದರು.

ಆ ಎರಡು ತಾರೀಖುಗಳ ನಡುವಿನ ದಿನಗಳನ್ನು ನಾನು ಮರೆಯಲಾರೆ. ಮೊದಲು ಮೇಲಧಿಕಾರಿಯ ಫೋನು ಬಂತು. ಸಾಕ್ಷಿ ತಿರುಗಿ ಬಿದ್ದಿದ್ದಾಳೆ, ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಕೈ ತೊಳೆದುಕೊಳ್ಳಿ, ಬಾಕಿ ಪ್ರಕರಣಗಳು ಎಷ್ಟಿವೆ ಗೊತ್ತೇ ಎಂದರು. ಅವರು ದುರುಳರಲ್ಲ. ಪ್ರತಿಕೂಲ ಎಂದು ಘೋಷಿಸುವುದು ನಮ್ಮ ಕೆಲಸದಲ್ಲಿ ದಿನದ ಮಾತು. ಪೊಲೀಸರೆದುರು ಹೇಳಿದ್ದನ್ನು ಕೋರ್ಟಿನಲ್ಲಿ ಅಲ್ಲಗಳೆದವಳನ್ನು ನಮ್ಮ ಸಾಕ್ಷಿಯಲ್ಲ ಎಂದು ಪಕ್ಕಕ್ಕೆ ಸರಿಸಿ, ನಾವೇ ಪಾಟೀಸವಾಲು ಮಾಡುತ್ತೇವೆ. ಹಾಗೆ ಮಾಡಿದ್ದರೆ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ. ಸಾಬಣ್ಣ ಬಿಡುಗಡೆಯಾಗುತ್ತಿದ್ದನೋ ಏನೋ. ಟ್ರ್ಯಾಕ್ಟರು ನಡೆಸಿದವನ ಹೆಸರು ಮಾತ್ರ ಎಲ್ಲಿಯೂ ಬರುತ್ತಿರಲಿಲ್ಲ.

ಆಮೇಲೆ ಸಾಬಣ್ಣ ಬಂದ. ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಹೆಂಡತಿಯ ಜೊತೆ ಕಾಯುತ್ತಿದ್ದ. ನಾನು ಅವನ ಜೊತೆ ಮಾತಾಡುವಂತಿರಲಿಲ್ಲ. "ನಿಮ್ಮ ವಕೀಲರ ಹತ್ರ ಹೋಗಪ್ಪ, ನನ್ನ ಹತ್ರ ಬರಬಾರದು" ಎಂದೆ.

"ವಕೀಲರನ್ನ ಇಟ್ಟವ್ರು ಧಣೇರೇ ಅಲ್ಲೇನ್ರಿ. ನನ್ನ ಮಾತು ಯಾರಿಗೆ ಹೇಳ್ಲಿ?"

ನಾನು ನಡೆಯುತ್ತಲೇ ಇದ್ದೆ. ಅವನು ಹಿಂದೆ ಬರಲಿಲ್ಲ, ನಿಂತಲ್ಲಿಂದಲೇ ಹೇಳಿದ. "ಕೇಸು ಬಿದ್ದು ಹೋಗ್ತದ ಅಂದಾರ್ರಿ. ಬೀಳ್ಲಿಲ್ಲಂದ್ರ ನಾ ಜೇಲಿಗೆ ಹೋಗಿ ಬರ್ತೀನಿ, ತಯಾರ್ ಇದೀನಿ. ನನ್ನ ಮನಿ ಅವರ ಜಾಗಾದಾಗ ಅದ. ನನ್ನ ಹೆಣ್ತಿ ಅವರ ಕಾರ್ಖಾನ್ಯಾಗ ದುಡಿತಾಳ. ಶರಣವ್ವ ತನಗ ಕಂಡದ್ದು ಹೇಳ್ಯಾಳ, ಆಕಿಗೆ ನಾ ಏನೂ ಅನ್ನಂಗಿಲ್ಲ. ನೀವು ಅದನ್ನ ಮುಂದಕ ಒಯ್ಯಬ್ಯಾಡ್ರಿ."

ಆ ದಿನವೇ ಮ್ಯಾಜಿಸ್ಟ್ರೇಟರಿಗೆ, ಆರೋಪಿಗೆ ತನ್ನದೇ ಆದ ವಕೀಲರಿಲ್ಲ, ಕಾನೂನು ನೆರವಿನಿಂದ ಒಬ್ಬರನ್ನು ಕೊಡಬೇಕು ಎಂದು ಅರಿಕೆ ಮಾಡಿಕೊಂಡೆ. ಕೊಟ್ಟರು. ಆದರೆ ಬೇವಿನ ಮರದ ಕೆಳಗೆ ನಿಂತಿದ್ದ ಆ ಗಂಡ ಹೆಂಡತಿ ಕಣ್ಣಿನಿಂದ ಹೋಗಲಿಲ್ಲ. ಭಾನುವಾರ ಬಸ್ಸು ಹಿಡಿದು ಜಹೀರಾಬಾದಿಗೆ ಬಂದೆ. ಖಾದ್ರಿ ಸಾಹೇಬರು ಆಗ ನಿವೃತ್ತರಾಗಿದ್ದರು. ಅಂಗಳದಲ್ಲಿ ಲುಂಗಿ ಉಟ್ಟು ನಿಂಬೆ ಗಿಡಕ್ಕೆ ನೀರು ಹಾಕುತ್ತಿದ್ದರು. ಎಲ್ಲ ಹೇಳಿದೆ.

"ಶರಣವ್ವ ಸಾಕ್ಷಿ ಹೇಳೋದು ಆಕಿ ಹಕ್ಕು ಬೇಟಿ. ಅದಕ್ಕ ನೀ ಅಡ್ಡ ಬರಂಗಿಲ್ಲ. ಆಕಿ ಹೇಳಿದ ಮ್ಯಾಲ ಅದನ್ನ ಮುಂದಕ ಒಯ್ಯೋದು ನಿನ್ನ ಕೆಲಸ" ಎಂದರು.

"ಹಂಗಾದ್ರ ಸಾಬಣ್ಣನ ಗತಿ?"

ಅವರು ಕೊಡ ಕೆಳಗಿಟ್ಟರು. "ನಿಜಾ ಹೊರಗ ತಂದವರು ಸಂಜೀಕ ಬಸ್ಸು ಹತ್ತಿ ಮನಿಗೆ ಹೋಗ್ತಾರ. ನಿಜಾ ಆ ಊರಾಗೇ ಉಳೀತದ. ಅದರ ಜೋಡಿ ಸಾಬಣ್ಣ ಬದುಕಬೇಕು. ಅದಕ್ಕ ನನ್ನ ಹತ್ರ ದವಾ ಇಲ್ಲ. ನೀ ಮಾಡೋದು ಮಾಡು, ಆದ್ರ ಅವಗ ಉಪಕಾರ ಮಾಡೀನಂತ ಮಾತ್ರ ತಿಳ್ಕೋಬ್ಯಾಡ" ಎಂದರು. ಅವರ ಮನೆಯಲ್ಲಿ ಅಂದು ಊಟ ಮಾಡಿದೆ.

ಮುಂದಿನ ತಾರೀಖಿಗೆ ದುಭಾಷಿಯಾಗಿ ಕನ್ನಡ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಶರಣವ್ವ ಮತ್ತೆ ಕಟಕಟೆ ಹತ್ತಿದಳು. ಈ ಸಲ ಹೊರಗೆ ಪಡಸಾಲೆಯ ತುಂಬ ಗಣಿಯ ಜನ. ನಾನು ಒಂದೇ ಪ್ರಶ್ನೆ ಕೇಳಿದೆ. "ಅವತ್ತು ನೀವು ಏನು ಕಂಡಿರಿ, ಅದನ್ನ ಹೇಳ್ರಿ."

ಅವಳು ಮೇಷ್ಟ್ರ ಕಡೆ ತಿರುಗಿ ಹೇಳತೊಡಗಿದಳು. ಮಾಲೀಕರ ಮಗ ಕಿಶೋರ, ಕಾಲೇಜು ಓದುವವನು, ರಜೆಯಲ್ಲಿ ಬಂದಿದ್ದ. ತಾನೇ ನಡೆಸುತ್ತೇನೆ ಎಂದು ಸಾಬಣ್ಣನನ್ನು ಸೀಟಿನಿಂದ ಎಬ್ಬಿಸಿದ. ಸಾಬಣ್ಣ ಪಕ್ಕದ ಗಾಲಿಯ ಮೇಲಿನ ತಗಡಿನ ಮೇಲೆ ಕೂತ. ಇಳಿಜಾರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಬಂತು. "ಬ್ರೇಕ್ ತುಳೀರಿ, ಬ್ರೇಕ್ ತುಳೀರಿ ಅಂತ ಸಾಬಣ್ಣ ಒದರಿದ್ರಿ. ತಾನೇ ಜಿಗದು ಗಾಲಿಗೆ ಅಡ್ಡ ಕಲ್ಲು ಕೊಡಾಕ ಹೋದ. ಅಷ್ಟರಾಗ ನನ್ನ ಗಂಡ..." ಮ್ಯಾಜಿಸ್ಟ್ರೇಟರು ನೀರು ತರಿಸಿದರು. ಅವಳು ಕುಡಿಯಲಿಲ್ಲ, ಲೋಟವನ್ನು ಹಿಡಿದುಕೊಂಡೇ ಮುಗಿಸಿದಳು.

ಮಾಲೀಕರು ಇಟ್ಟ ವಕೀಲರೇ ಇನ್ನೂ ಸಾಬಣ್ಣನ ಪರವಾಗಿ ಹಾಜರಿದ್ದರು. ಕೋರ್ಟು ಕಾನೂನು ನೆರವಿನ ವಕೀಲರನ್ನು ಕೊಟ್ಟಿದ್ದರೂ, ಮಾಲೀಕರಿಗೆ ಹೆದರಿ ಅವನು ಇವರನ್ನು ಬಿಟ್ಟಿರಲಿಲ್ಲ. ಅವರು ಎದ್ದು ಕೇಳಿದ್ದು ಒಂದು ಚತುರ ಪ್ರಶ್ನೆ. ಸಾಬಣ್ಣನಿಗೆ ಚಾಲನಾ ಪರವಾನಗಿ ಇದೆ, ಹುಡುಗನಿಗೆ ಇಲ್ಲ. ಪರವಾನಗಿ ಇಲ್ಲದವನು ನಡೆಸಿದನೆಂದರೆ ವಿಮೆಯವರು ತಕರಾರು ತೆಗೆಯುತ್ತಾರೆ, ನಿನಗೆ ಬರುವ ಪರಿಹಾರ ಬರದೆ ಹೋಗಬಹುದು, ಇದು ಗೊತ್ತಿದೆಯೇ ಎಂದು ಕೇಳಿದರು. ಅದು ಪ್ರಶ್ನೆಯ ವೇಷದ ಬೆದರಿಕೆ.

"ಗೊತ್ತದ್ರಿ. ಮನಿಗೆ ಬಂದು ಹೇಳಿ ಹೋಗ್ಯಾರ" ಅಂದಳು ಶರಣವ್ವ.

"ಆದರೂ ಯಾಕೆ ಹೀಗೆ ಹೇಳುತ್ತೀ?"

"ಸಾಬಣ್ಣನೇ ನನ್ನ ಗಂಡನ್ನ ಎಳದು ಹೊರಗ ತೆಗದಾನ್ರಿ. ಅಂವಾ ಅಳಾಕತ್ತಿದ್ದ. ಅವನ ಹೆಸರ ಹೇಳಿ ತಂದ ಅನ್ನ ನನ್ನ ಗಂಟಲದಾಗ ಇಳಿಯಂಗಿಲ್ಲ."

ಮೇಷ್ಟ್ರು ಅದನ್ನು ತೆಲುಗಿನಲ್ಲಿ ಹೇಳಿದಾಗ ಮ್ಯಾಜಿಸ್ಟ್ರೇಟರು ಒಮ್ಮೆ ತಲೆಯಾಡಿಸಿ ಬರೆದುಕೊಂಡರು. ನಾನು ಸಾಬಣ್ಣನ ಕಡೆ ನೋಡಿದೆ. ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದ.

ವಿಚಾರಣೆಯಲ್ಲಿ ಬಂದ ಸಾಕ್ಷ್ಯದಿಂದ ಇನ್ನೊಬ್ಬನ ತಪ್ಪು ಕಂಡುಬಂದರೆ ಅವನನ್ನೂ ಆರೋಪಿಯಾಗಿ ಕರೆಸುವ ಅಧಿಕಾರ ಕೋರ್ಟಿಗೆ ಇದೆ. ಕಾನೂನಿನ ಪುಸ್ತಕದಲ್ಲಿ ಅದನ್ನು ಓದದವರಿಲ್ಲ, ನಮ್ಮ ಸಣ್ಣ ಊರುಗಳಲ್ಲಿ ಬಳಸಿದವರು ಕಡಿಮೆ. ಆ ವಾರವೇ ಅರ್ಜಿ ಹಾಕಿದೆ. ಮ್ಯಾಜಿಸ್ಟ್ರೇಟರು ಕಿಶೋರನಿಗೆ ಸಮನ್ಸ್ ಕಳಿಸಿದರು. ಮಾಲೀಕರು ಮೇಲಿನ ಕೋರ್ಟಿಗೆ ಹೋದರು, ಅಲ್ಲಿ ಅದು ಬಹಳ ಕಾಲ ಕೂತಿತು, ಮತ್ತೆ ಕೆಳಗೆ ಬಂತು.

ಅದಕ್ಕೂ ಮೊದಲೇ, ಸಮನ್ಸ್ ಹೊರಟ ಹದಿನೈದು ದಿನದಲ್ಲೇ, ಸಾಬಣ್ಣ ಮತ್ತೆ ಬಂದ. ಈ ಸಲ ಬೇವಿನ ಮರದ ಕೆಳಗೆ ಕಾಯಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ, ವಕೀಲರು, ಪೊಲೀಸರು, ಕಕ್ಷಿದಾರರು ಎಲ್ಲರೂ ಇದ್ದಾಗ ನನ್ನನ್ನು ತಡೆದ. ಹೆಂಡತಿಯ ಕಂಕುಳಲ್ಲಿ ಗಂಟು, ಕೈಯಲ್ಲಿ ಹಿಟ್ಟಿನ ಡಬ್ಬಿ.

"ಮನಿ ಖಾಲಿ ಮಾಡಿಸ್ಯಾರ್ರಿ. ಇಕಿ ಕೆಲಸಾನೂ ಹೋತು. ನಾ ನಿಮಗ ಕೇಳಿದ್ನೇನ್ರಿ ಮೇಡಂ? ನನ್ನ ಬಿಡಿಸ್ರಿ ಅಂತ ಕೇಳಿದ್ನೇನು? ಬ್ಯಾಡ ಅಂತ ಕೈ ಮುಗದು ಹೇಳಿದ್ದೆ."

ಒಬ್ಬ ಕಾನ್‌ಸ್ಟೇಬಲ್ ಅವನ ತೋಳು ಹಿಡಿಯಲು ಬಂದ. ನಾನು ಬೇಡವೆಂದೆ. ಹೇಳಲು ನನ್ನ ಹತ್ತಿರ ಕಾನೂನಿನ ಮಾತುಗಳು ಬೇಕಾದಷ್ಟಿದ್ದವು. ನಾನು ನಿನ್ನ ವಕೀಲಳಲ್ಲ, ಸತ್ತವನಿಗೆ ನ್ಯಾಯ ಬೇಕಿತ್ತು, ನೀನು ಮಾಡದ ತಪ್ಪಿಗೆ ನೀನು ಜೈಲಿಗೆ ಹೋಗುವುದನ್ನು ಸರ್ಕಾರ ನೋಡುತ್ತ ಕೂರಬಾರದು. ಎಲ್ಲವೂ ಸರಿಯೇ. ಆ ಡಬ್ಬಿಯ ಎದುರಿಗೆ ಒಂದೂ ಬಾಯಿಗೆ ಬರಲಿಲ್ಲ. ಅವನು ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದ.

ತೀರ್ಪು ಬರುವ ಹೊತ್ತಿಗೆ ನನಗೆ ಅಲ್ಲಿಂದ ವರ್ಗವಾಗಿತ್ತು. ಸಾಬಣ್ಣ ನಿರ್ದೋಷಿ ಎಂದು ಬಿಡುಗಡೆಯಾದ. ಕಿಶೋರನಿಗೆ ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ಅದು ಬರೀ ದಂಡಕ್ಕೆ ಇಳಿಯಿತು. ಪರಿಹಾರದ ಪ್ರಕರಣದಲ್ಲಿ, ಮೊದಲು ವಿಮೆಯವರೇ ಶರಣವ್ವನಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕೆಂದು ಆದೇಶವಾಯಿತಂತೆ. ಇದನ್ನೆಲ್ಲ ಬೇರೆಯವರಿಂದ ಕೇಳಿ ತಿಳಿದೆ. ಗೆದ್ದ ಪ್ರಕರಣ ಎಂದು ಕೆಲವರು ಅಭಿನಂದಿಸಿದರು. ನನಗೆ ಆ ಪದ ಹೊಂದಲಿಲ್ಲ.

ಮುಂದೆ ಸರ್ಕಾರಿ ವಕೀಲಿಕೆ ಬಿಟ್ಟು ಕಾನೂನು ಕಾಲೇಜಿಗೆ ಪಾಠ ಹೇಳಲು ಹೋದೆ. ಅದಕ್ಕೆ ಕಾರಣಗಳು ಹಲವು. ತಾಂಡೂರು ಅವುಗಳಲ್ಲಿ ಒಂದು ಎಂದು ಈಗ ಅನ್ನಿಸುತ್ತದೆ. ಕಲಿಸುವಾಗ ನೋಡನೋಡುತ್ತಲೇ ಎಲ್ಲ ಬದಲಾಯಿತು. ಕಾರ್ಬನ್ ಹಾಳೆಯ ಬೆರಳಚ್ಚು ಹೋಗಿ ಕಂಪ್ಯೂಟರು ಬಂತು, ಸಾಕ್ಷಿಗಳು ಪರದೆಯ ಮೇಲೆ ಕಾಣಿಸಿಕೊಳ್ಳತೊಡಗಿದರು. ಈಗಂತೂ ಸಂಹಿತೆಗಳ ಹೆಸರೇ ಬದಲಾಗಿ, ನಾನು ಜೀವಮಾನವಿಡೀ ಬಾಯಿಪಾಠ ಮಾಡಿದ ಕಲಮುಗಳ ಸಂಖ್ಯೆಗಳು ಯಾವ ಕೆಲಸಕ್ಕೂ ಬಾರದಾಗಿವೆ. ನಿಮ್ಮ ಸಾಕ್ಷಿಗಳ ಹೇಳಿಕೆಗಳನ್ನು ಇನ್ನು ಮುಂದೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾರೆ, ಒಳ್ಳೆಯದೇ. ಆದರೆ ಸಾಕ್ಷಿ ಆಡಿದ ಮಾತಿನ ಅರ್ಥ ತಿಳಿಯಲು ಮೊಬೈಲು ಸಾಲದು. ಆ ಮಾತು ಗೊತ್ತಿರುವವರೊಬ್ಬರು ಕೋರ್ಟಿನಲ್ಲಿರಬೇಕು, ಕೇಳಿಸಿಕೊಳ್ಳುವ ತಾಳ್ಮೆ ಇರಬೇಕು. ಪ್ರತಿಕೂಲ ಸಾಕ್ಷಿ ಎಂದು ಎದ್ದು ನಿಲ್ಲುವ ಮುನ್ನ ಒಂದು ನಿಮಿಷ ತಡೆಯಿರಿ. ಅವಳು ತಿರುಗಿ ಬಿದ್ದಿದ್ದಾಳೋ, ಅಥವಾ ಮೊದಲ ಸಲ ನೇರವಾಗಿ ನಿಂತಿದ್ದಾಳೋ ನೋಡಿ.

ತರಗತಿಯಲ್ಲಿ ನಾನು ಈ ಪ್ರಕರಣವನ್ನು ಹೆಸರಿಲ್ಲದೆ ಹೇಳುತ್ತಿದ್ದೆ. ಸರ್ಕಾರಿ ವಕೀಲಳು ಮಾಡಿದ್ದು ಸರಿಯೇ ಎಂದು ವಾದ ಮಾಡಿಸುತ್ತಿದ್ದೆ. ಪ್ರತಿ ವರ್ಷ ತರಗತಿ ಎರಡು ಪಾಲಾಗುತ್ತಿತ್ತು. ನಾನು ಕಲಿಸಿದ ಕೊನೆಯ ವರ್ಷ, ವಾದಗಳೆಲ್ಲ ಮುಗಿದ ಮೇಲೆ, ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ಇದೀಗ ನಾರಾಯಣಖೇಡಕ್ಕೆ ಹೋಗಿರುವವಳು ಅವಳೇ.

"ಮೇಡಂ, ಆ ಡ್ರೈವರ್ ಮುಂದ ಏನಾದ?"

"ಬಿಡುಗಡೆಯಾದ ಅಂತ ಹೇಳಿದೆನಲ್ಲಮ್ಮ."

"ಅದು ತೀರ್ಪಾತ್ರಿ. ಅಂವಾ ಏನಾದ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಕಥೆ ಹೇಳುತ್ತ ಬಂದಿದ್ದೆ, ಆ ಒಂದು ಸಂಗತಿಯನ್ನು ತಿಳಿದುಕೊಳ್ಳಲು ಹೆದರಿದ್ದೆ.

ನಿವೃತ್ತಿಯಾದ ಮರು ತಿಂಗಳು ತಾಂಡೂರಿಗೆ ಹೋದೆ. ಕೋರ್ಟಿನ ಹಳೆಯ ಜವಾನರೊಬ್ಬರು ದಾರಿ ತೋರಿಸಿದರು. ಊರಾಚೆಯ ಒಂದು ಶಾಲೆ. ಸಾಬಣ್ಣ ಅಲ್ಲಿ ಮಕ್ಕಳ ಬಸ್ಸಿನ ಚಾಲಕ. ಶಾಲೆ ಬಿಡುವ ಹೊತ್ತು, ಗೇಟಿನ ಬಳಿ ಬಸ್ಸಿನ ಗಾಜು ಒರೆಸುತ್ತ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ನಾನು ಹೆಸರು ಹೇಳಬೇಕಾಗಲಿಲ್ಲ.

"ಬರ್ರಿ ಮೇಡಂ" ಎಂದ. ಬಟ್ಟೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. ಕೆಲವು ವರ್ಷ ಕಲಬುರಗಿಯ ಕಡೆ ದುಡಿದು ಬಂದದ್ದು, ಹೆಂಡತಿಯ ಕಾಯಿಲೆ, ಕೊನೆಗೆ ಈ ಕೆಲಸ ಸಿಕ್ಕಿದ್ದು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದ. ಈ ಕೆಲಸ ಕೊಡುವಾಗ ಶಾಲೆಯವರು ಪೊಲೀಸರಿಂದ ವಿಚಾರಿಸಿದ್ದರಂತೆ. ನಿರ್ದೋಷಿ ಎಂದು ತೀರ್ಪಾಗಿದ್ದರಿಂದ ಅವನ ಮೇಲೆ ಏನೂ ಇರಲಿಲ್ಲ.

"ಹಂಗಂತ ನಿಮ್ಮ ಮ್ಯಾಲಿನ ಸಿಟ್ಟು ಪೂರಾ ಹೋಗಿಲ್ರಿ. ಸುಳ್ಳ ಯಾಕ ಹೇಳ್ಲಿ?"

"ಹೇಳಬ್ಯಾಡ" ಅಂದೆ. "ಅವತ್ತ ನೀ ಕೇಳಿದ್ದಕ್ಕ ನನ್ನ ಹತ್ರ ಇವತ್ತೂ ಜವಾಬಿಲ್ಲ."

ಅವನು ಅದನ್ನು ಒಪ್ಪಿದವನಂತೆ ತಲೆಯಾಡಿಸಿದ. ಅಷ್ಟರಲ್ಲಿ ಗಂಟೆ ಹೊಡೆಯಿತು, ಮಕ್ಕಳು ನುಗ್ಗಿ ಬಂದವು. ಅವನು ಬಾಗಿಲ ಬಳಿ ನಿಂತು ಒಂದೊಂದನ್ನೇ ಹತ್ತಿಸಿದ. ಎರಡು ಜಡೆಯ ಪುಟ್ಟ ಹುಡುಗಿಯೊಂದು ಹತ್ತಿ ಅವನ ಸೀಟಿನ ಹಿಂದೆಯೇ ಕೂತಿತು. ಅದರ ಚೀಲವನ್ನು ಸರಿಮಾಡಿ ನನ್ನ ಕಡೆ ತಿರುಗಿದ.

"ಇಕಿ ಯಾರಂತ ಗೊತ್ತಾತೇನ್ರಿ? ಶರಣವ್ವನ ಮೊಮ್ಮಗಳು. ದಿನಾ ಮುಂಜಾನಿ ಶರಣವ್ವನೇ ಕೈ ಹಿಡಕೊಂಡು ರೋಡಿನ ತನಕ ಬರ್ತಾಳ. ಬ್ಯಾರೆ ಯಾರ ಗಾಡ್ಯಾಗೂ ಕಳಸಂಗಿಲ್ಲ. 'ಸಾವಕಾಶ ಹೋಗಪಾ ಸಾಬಣ್ಣ' ಅಂತಾಳ. ನಾ ಹೂಂ ಅಂತೀನಿ."

ಬಾಗಿಲು ಹಾಕಿ, ಕನ್ನಡಿಯಲ್ಲಿ ಹಿಂದೆ ಒಮ್ಮೆ, ಪಕ್ಕಕ್ಕೆ ಒಮ್ಮೆ, ಮತ್ತೆ ಹಿಂದೆ ಒಮ್ಮೆ ನೋಡಿ, ಅವನು ಬಸ್ಸನ್ನು ಮೆಲ್ಲಗೆ ರಸ್ತೆಗಿಳಿಸಿದ.